ಓಟಿಪಿ ಕೊಡದವರ ದುಡ್ಡೂ ಹೋಗುತ್ತಿದೆ

ಮಾನ್ಯ ಸಂಪಾದಕರೇ,

ಆನ್‌ಲೈನ್ ವಂಚನೆಯ ಸುದ್ದಿ ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಓದುತ್ತೇನೆ, ನಮ್ಮ ಸಂಘದ ಸಭೆಯಲ್ಲಿ ಓದಿ ಹೇಳುವುದೂ ಉಂಟು. ಆದರೆ ಹೆಚ್ಚಿನ ಸುದ್ದಿಗಳು ಮುಗಿಯುವುದು ಒಂದೇ ಮಾತಿನಲ್ಲಿ: ಓಟಿಪಿ ಹೇಳಬೇಡಿ, ಲಿಂಕ್ ಒತ್ತಬೇಡಿ, ದುರಾಸೆಗೆ ಬೀಳಬೇಡಿ. ಮಾತು ಸರಿಯೇ. ಆದರೆ ಓಟಿಪಿ ಅಂದರೇನು ಅಂತಲೇ ಗೊತ್ತಿಲ್ಲದ, ಲಿಂಕ್ ಒತ್ತೋಕೆ ಸ್ಮಾರ್ಟ್‌ಫೋನೇ ಇಲ್ಲದ, ಯಾವ ಆಸೆಗೂ ಹೋಗದ ಜನರ ಖಾತೆಯಿಂದಲೂ ದುಡ್ಡು ಹೋಗುತ್ತಿದೆ. ಅವರ ಬಗ್ಗೆ ಯಾರೂ ಜಾಸ್ತಿ ಬರೆಯುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘದ ಲೆಕ್ಕ ಬರೆಯುತ್ತೇನೆ. ಸದಸ್ಯರ ಪಾಸ್‌ಬುಕ್ ಎಲ್ಲ ಒಂದಲ್ಲ ಒಂದು ಸಲ ನನ್ನ ಕೈಗೆ ಬಂದೇ ಬರುತ್ತವೆ. ನಮ್ಮ ಹಿರಿಯ ಸದಸ್ಯೆಯೊಬ್ಬರು ಕೊಬ್ಬರಿ ಮಾರಿದ ದುಡ್ಡನ್ನೂ ಗೃಹಲಕ್ಷ್ಮಿ ಹಣವನ್ನೂ ಮುಟ್ಟದೆ ಖಾತೆಯಲ್ಲೇ ಬಿಟ್ಟಿದ್ದರು. ಮೊಮ್ಮಗಳ ಕಾಲೇಜಿಗೆ ಬೇಕಾಗುತ್ತದೆ ಅಂತ. ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬಂದು ನನ್ನ ಮುಂದೆ ಹಿಡಿದಾಗ ಕೊನೆಯ ಪುಟದಲ್ಲಿ ಒಂದರ ಕೆಳಗೆ ಒಂದು ಸಾಲು. ದಿನಾಂಕ ಬೇರೆ ಬೇರೆ, ಮೊತ್ತ ಮಾತ್ರ ಒಂದೇ, 10,000. ಪಕ್ಕದಲ್ಲಿ ಎಇಪಿಎಸ್ ಅಂತ ಇಂಗ್ಲಿಷಿನಲ್ಲಿ. ಆ ದಿನಗಳಲ್ಲಿ ಅವರು ಊರು ಬಿಟ್ಟು ಹೋಗಿಲ್ಲ, ಎಲ್ಲೂ ತಂಬ್ ಕೊಟ್ಟಿಲ್ಲ. ಮೊಬೈಲಿಗೆ ಮೆಸೇಜ್ ಬರಲಿಲ್ವಾ ಅಂದರೆ, ಖಾತೆಗೆ ಕೊಟ್ಟಿದ್ದ ನಂಬರ್ ಮಗನ ಹಳೇ ಸಿಮ್ಮಿನದು. ಅದು ನಿಂತುಹೋಗಿ ಎಷ್ಟೋ ಕಾಲ ಆಗಿದೆ.

ಬ್ಯಾಂಕಿನಲ್ಲಿ ಕೇಳಿದಾಗ ಬಂದ ಉತ್ತರ ಇದು: "ನಿಮ್ಮ ಹೆಬ್ಬೆಟ್ಟೇ ಬಿದ್ದಿದೆಯಲ್ಲಮ್ಮ, ನೀವೇ ತೆಗೆದಿರ್ತೀರ, ಇಲ್ಲಾಂದ್ರೆ ಮನೇಲಿ ಯಾರನ್ನಾದ್ರೂ ಕೇಳಿ ನೋಡಿ." ದುಡ್ಡು ಹೋದ ನೋವು ಒಂದು ಕಡೆ. ಮನೆಯವರ ಮೇಲೇ ಅನುಮಾನ ಬರುವ ಹಾಗೆ ಮಾಡಿದ ಆ ಮಾತು ಅವರಿಗೆ ಅದಕ್ಕಿಂತ ಜಾಸ್ತಿ ನೋವು ಕೊಟ್ಟಿತು. ಎರಡು ದಿನ ಆ ಮನೆಯಲ್ಲಿ ಮಗ ಸೊಸೆ ಅತ್ತೆ ಸರಿಯಾಗಿ ಮಾತಾಡಲಿಲ್ಲ.

ಎಇಪಿಎಸ್ ಅಂದರೆ ಆಧಾರ್ ಆಧಾರಿತ ಪಾವತಿ. ಬ್ಯಾಂಕ್ ದೂರ ಇರುವ ಊರುಗಳಲ್ಲಿ ಬ್ಯಾಂಕಿನ ಪರವಾಗಿ ಹಣ ಕೊಡುವ ಬ್ಯಾಂಕ್ ಮಿತ್ರರ ಹತ್ತಿರ ಒಂದು ಚಿಕ್ಕ ಯಂತ್ರ ಇರುತ್ತದಲ್ಲ, ಅದರಲ್ಲಿ ಬೆರಳು ಒತ್ತಿ ದುಡ್ಡು ತೆಗೆಯುತ್ತೇವಲ್ಲ, ಅದೇ. ಇದು ನಡೆಯೋಕೆ ಮೂರೇ ಮೂರು ಬೇಕು: ನಿಮ್ಮ ಬ್ಯಾಂಕ್ ಯಾವುದು, ನಿಮ್ಮ ಆಧಾರ್ ನಂಬರ್ ಏನು, ನಿಮ್ಮ ಬೆರಳಚ್ಚು. ಎಟಿಎಂ ಕಾರ್ಡ್ ಬೇಡ, ಪಿನ್ ಬೇಡ, ಓಟಿಪಿ ಬೇಡ, ಮೊಬೈಲೂ ಬೇಡ. ಒಂದು ಸಲಕ್ಕೆ ಹೆಚ್ಚೆಂದರೆ 10,000 ರೂಪಾಯಿ ತೆಗೆಯಬಹುದು. ಕಳ್ಳರು ತೆಗೆದಾಗಲೂ ಪಾಸ್‌ಬುಕ್ಕಿನಲ್ಲಿ 10,000 ಅನ್ನುವ ಸಂಖ್ಯೆಯೇ ಸಾಲಾಗಿ ಕಾಣುವುದು ಅದಕ್ಕೆ. ಈ ವ್ಯವಸ್ಥೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಹಿ ಬಾರದ, ಬಸ್ ಹತ್ತಿ ಬ್ಯಾಂಕಿಗೆ ಹೋಗಲಾಗದ ಎಷ್ಟೋ ಅಜ್ಜಿಯರಿಗೆ ಇದರಿಂದಲೇ ಪಿಂಚಣಿ ಕೈಗೆ ಸಿಗುತ್ತಿದೆ. ಆದರೆ ಪಿನ್ ಕಳವಾದರೆ ಬದಲಾಯಿಸಬಹುದು, ಬೆರಳನ್ನು ಬದಲಾಯಿಸೋಕೆ ಆಗುತ್ತಾ?

ಬೆರಳಚ್ಚು ಕಳ್ಳರಿಗೆ ಹೇಗೆ ಸಿಗುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಜಮೀನು, ಮನೆ, ಸೈಟು ನೋಂದಣಿ ಮಾಡಿಸುವಾಗ ಕಾಗದದ ಮೇಲೆ ಹೆಬ್ಬೆಟ್ಟು ಒತ್ತುತ್ತೇವೆ, ಜೊತೆಗೆ ಆಧಾರ್ ಪ್ರತಿ ಕೊಡುತ್ತೇವೆ. ಆ ದಾಖಲೆ ಸ್ಕ್ಯಾನ್ ಆಗಿ ಆನ್‌ಲೈನಿನಲ್ಲಿ ಸಿಗುವಂತಾದರೆ ಆಧಾರ್ ನಂಬರೂ ಬೆರಳಚ್ಚೂ ಎರಡೂ ಒಂದೇ ಕಡೆ ಸಿಕ್ಕಿದ ಹಾಗೆ. ಅದನ್ನು ಪ್ರಿಂಟ್ ತೆಗೆದು ರಬ್ಬರ್ ಅಥವಾ ಸಿಲಿಕಾನ್ ಅಚ್ಚು ಮಾಡುತ್ತಾರೆ. ಇದು ಹೊಸದೇನಲ್ಲ. 2018ರಲ್ಲೇ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯಲ್ಲಿ ಒಬ್ಬ ಜಮೀನು ನೋಂದಣಿ ದಾಖಲೆಗಳಿಂದ ಬೆರಳಚ್ಚು ತೆಗೆದು ರಬ್ಬರ್ ಅಚ್ಚು ಮಾಡಿ ಸಾವಿರಾರು ಸಿಮ್ ಚಾಲೂ ಮಾಡಿಸಿ ಸಿಕ್ಕಿಬಿದ್ದಿದ್ದ. ಅದಾಗಿ ಐದು ವರ್ಷಕ್ಕೆ, 2023ರಲ್ಲಿ, ನಮ್ಮ ರಾಜ್ಯದಲ್ಲೇ ಮಂಗಳೂರು, ಬೆಂಗಳೂರು ಕಡೆ ಆಸ್ತಿ ನೋಂದಣಿ ಮಾಡಿಸಿಕೊಂಡು ಬಂದ ಜನರ ಖಾತೆಯಿಂದ ಎಇಪಿಎಸ್ ಮೂಲಕ ಹಣ ಹೋಯಿತು. ಮಂಗಳೂರು ಪೊಲೀಸರು ಬಿಹಾರದ ಕಡೆಯವರನ್ನು ಹಿಡಿದು ತಂದರು. ಆಸ್ತಿ ನೋಂದಣಿಗೆ ಸರ್ಕಾರ ಬಳಸುವ ಕಾವೇರಿ ತಂತ್ರಾಂಶದಲ್ಲಿದ್ದ ದಾಖಲೆಗಳ ಮಾತು ಎದ್ದಿದ್ದು ಆಗಲೇ. ಆಮೇಲೆ ದಾಖಲೆಗಳಲ್ಲಿ ಆಧಾರ್ ನಂಬರ್, ಬೆರಳಚ್ಚು ಕಾಣದ ಹಾಗೆ ಮುಚ್ಚಲು ಕ್ರಮ ಕೈಗೊಂಡರು. ಒಳ್ಳೆಯದೇ. ಆದರೆ ಅಷ್ಟರೊಳಗೆ ಇಳಿಸಿಕೊಂಡ ಪ್ರತಿಗಳು ಎಲ್ಲೆಲ್ಲಿವೆಯೋ, ಅವನ್ನು ಯಾರು ವಾಪಸ್ ತರುತ್ತಾರೆ? ನಮ್ಮ ಸದಸ್ಯೆಯ ಮನೆಯಲ್ಲೂ ಅಣ್ಣತಮ್ಮಂದಿರ ವಿಭಾಗ ಪತ್ರ ನೋಂದಣಿಯಾಗಿತ್ತು. ಬೆರಳಚ್ಚು ಸೋರಿದ್ದು ಅಲ್ಲಿಂದಲೇ ಅಂತ ನಾನು ಆರೋಪ ಮಾಡುವುದಿಲ್ಲ. ಎಲ್ಲಿಂದ ಅಂತ ಅವರಿಗೆ ಇವತ್ತಿನವರೆಗೂ ಯಾರೂ ಹೇಳಿಲ್ಲ.

ಅಚ್ಚು ಗಿಚ್ಚು ಏನೂ ಬೇಡದ ಇನ್ನೊಂದು ದಾರಿಯಿದೆ. ಅದು ನಮ್ಮ ಕಣ್ಣೆದುರೇ ನಡೆಯುವುದು. ಹಣ ತೆಗೆಯಲು ಹೋಗಿರುತ್ತೀರಿ. ಬೆರಳು ಒತ್ತುತ್ತೀರಿ. "ಬರ್ಲಿಲ್ಲಮ್ಮ, ಕೈ ಒಣಗಿದೆ, ಸೀರೆಗೆ ಒರೆಸಿ ಇನ್ನೊಂದ್ಸಲ ಒತ್ತಿ" ಅಂತಾರೆ. ಒತ್ತುತ್ತೀರಿ. "ಸರ್ವರ್ ಇಲ್ಲ, ನಾಳೆ ಬನ್ನಿ" ಅಂತಾರೆ. ಸಗಣಿ ಬಾಚಿ, ಕಾಯಿ ಸುಲಿದು ರೇಖೆ ಸವೆದ ಬೆರಳು ಯಂತ್ರಕ್ಕೆ ಹತ್ತದೇ ಇರುವುದು ನಿಜವಾಗಿಯೂ ಉಂಟು, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ಮೊದಲನೇ ಸಲವೇ ಹಣ ಕಡಿತ ಆಗಿರಬಹುದು. ಎರಡನೇ ಸಲ ಒತ್ತಿದಾಗ ಇನ್ನೊಮ್ಮೆ ಆಗಿರಬಹುದು. ಬ್ಯಾಂಕ್ ಮಿತ್ರರಲ್ಲಿ ಹೆಚ್ಚಿನವರು ಒಳ್ಳೆಯವರು, ನಮ್ಮೂರಿನ ಹುಡುಗನಂತೂ ಹಾಸಿಗೆ ಹಿಡಿದವರ ಮನೆಗೇ ಯಂತ್ರ ತಗೊಂಡು ಹೋಗುತ್ತಾನೆ. ಆದರೂ ಚೀಟಿ ಕೇಳಿ. ಆಗಿದ್ದರೂ ಚೀಟಿ, ಆಗದಿದ್ದರೂ ಚೀಟಿ. ಚೀಟಿ ಕೈಗೆ ಬಾರದೆ ಎರಡನೇ ಸಲ ಬೆರಳು ಒತ್ತಬೇಡಿ. ಇದನ್ನು ನಮ್ಮ ಸಂಘದಲ್ಲಿ ನಿಯಮವನ್ನೇ ಮಾಡಿಕೊಂಡಿದ್ದೇವೆ. ಸಂತೆಗೆ ಹೋಗುವಾಗ ಜೊತೆಗಾತಿಯನ್ನು ಕರೆದುಕೊಂಡು ಹೋಗುತ್ತೇವಲ್ಲ, ದುಡ್ಡು ತೆಗೆಯಲು ಹೋಗುವಾಗಲೂ ಓದು ಬರುವ ಒಬ್ಬರು ಜೊತೆಗಿರಬೇಕು.

ಬ್ಯಾಂಕ್ ಮಿತ್ರರಂಥವರನ್ನು ನೇಮಿಸಿಕೊಳ್ಳುವಾಗ ಸರಿಯಾಗಿ ವಿಚಾರಿಸಬೇಕು, ಮೂರು ತಿಂಗಳು ಸುಮ್ಮನಿದ್ದವರು ಮತ್ತೆ ಶುರು ಮಾಡುವ ಮುಂಚೆ ಅವರ ದಾಖಲೆ ಇನ್ನೊಮ್ಮೆ ನೋಡಬೇಕು ಅಂತ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಸೂಚನೆ ಹೊರಡಿಸಿತು. 2026ರ ಜನವರಿ 1ರಿಂದ ಜಾರಿ ಅಂತ ಅದರಲ್ಲಿತ್ತು. ಸಂತೋಷ. ಆದರೆ ಖಾತೆದಾರರ ಕೈಯಲ್ಲೂ ಒಂದು ಬೀಗ ಇರಬೇಕು ಅಲ್ವಾ?

ಬೀಗ ಇದೆ. ಅದನ್ನು ಹೇಳಿಕೊಡುವವರು ಇಲ್ಲ. ಆಧಾರ್‌ನ ಬಯೋಮೆಟ್ರಿಕ್ ಲಾಕ್ ಅದರ ಹೆಸರು. ಆಧಾರ್ ಆ್ಯಪ್‌ನಲ್ಲಿ ಅಥವಾ ಮೈಆಧಾರ್ ವೆಬ್‌ಸೈಟಿನಲ್ಲಿ ಲಾಗಿನ್ ಆಗಿ ಲಾಕ್ ಹಾಕಿದರೆ ನಿಮ್ಮ ಬೆರಳು, ಕಣ್ಣು, ಮುಖ ಯಾವುದನ್ನು ಕೊಟ್ಟರೂ ಯಂತ್ರ ಒಪ್ಪುವುದಿಲ್ಲ. ಅಚ್ಚಿನ ಬೆರಳು ಒತ್ತಿದರೂ ಅಷ್ಟೇ. ಆಧಾರ್‌ಗೆ ಮೊಬೈಲ್ ನಂಬರ್ ಜೋಡಣೆ ಆಗಿರಬೇಕು, ಇಲ್ಲದಿದ್ದರೆ ಮೊದಲು ಆಧಾರ್ ಕೇಂದ್ರಕ್ಕೆ ಹೋಗಿ ಅದನ್ನು ಮಾಡಿಸಿ. ನಮಗೆ ಬೇಕಾದಾಗ ಸ್ವಲ್ಪ ಹೊತ್ತಿಗೆ ಲಾಕ್ ತೆಗೆಯಬಹುದು, ಆಮೇಲೆ ತಾನಾಗಿಯೇ ಬೀಳುತ್ತದೆ. ಅದೇ ವೆಬ್‌ಸೈಟಿನಲ್ಲಿ ಕಳೆದ ಆರು ತಿಂಗಳಲ್ಲಿ ನಿಮ್ಮ ಆಧಾರ್ ಯಾವಾಗ ಬಳಕೆಯಾಗಿದೆ ಅನ್ನುವ ಪಟ್ಟಿಯೂ ಸಿಗುತ್ತದೆ. ನೀವು ಮನೆಯಲ್ಲಿ ಮಲಗಿದ್ದ ರಾತ್ರಿ ಬೆರಳಚ್ಚು ಬಿದ್ದಿದೆ ಅಂತ ಕಂಡರೆ ಅಲ್ಲೇ ಗೊತ್ತಾಯಿತು. ಏನೇ ಸಂಶಯ ಇದ್ದರೂ ಆಧಾರ್ ಸಹಾಯವಾಣಿ 1947ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಲಾಕ್ ಮಾಡಿದರೆ ಗೃಹಲಕ್ಷ್ಮಿ ದುಡ್ಡು ಬರಲ್ಲವಂತೆ, ಪಿಂಚಣಿ ನಿಂತುಹೋಗುತ್ತದಂತೆ ಅಂತ ನಮ್ಮ ಕಡೆ ಸುದ್ದಿ ಹಬ್ಬಿದೆ. ಸುಳ್ಳು. ಖಾತೆಗೆ ಹಣ ಜಮಾ ಆಗೋಕೆ ಬೆರಳಚ್ಚು ಬೇಕಿಲ್ಲ, ಆಧಾರ್ ಜೋಡಣೆ ಇದ್ದರೆ ಸಾಕು. ಒಂದು ನಿಜವಾದ ತೊಂದರೆ ಇದೆ, ಅದನ್ನು ಮುಚ್ಚಿಡಬಾರದು. ನ್ಯಾಯಬೆಲೆ ಅಂಗಡಿಯಲ್ಲಿ ತಿಂಗಳು ತಿಂಗಳು ತಂಬ್ ಕೊಡಬೇಕು. ಲಾಕ್ ಇದ್ದರೆ ಅಲ್ಲೂ ತಗೊಳ್ಳುವುದಿಲ್ಲ. ಕಾರ್ಡಿನಲ್ಲಿ ಹೆಸರಿರುವ ಬೇರೆ ಯಾರಾದರೂ ತಂಬ್ ಕೊಡಬಹುದು, ಹಾಗಾಗಿ ನಾಲ್ಕು ಜನ ಇರುವ ಮನೆಯಲ್ಲಿ ಖಾತೆಯಲ್ಲಿ ದುಡ್ಡಿರುವವರು ಲಾಕ್ ಹಾಕಿಕೊಂಡು, ಇನ್ನೊಬ್ಬರು ರೇಷನ್ನಿಗೆ ಹೋಗಬಹುದು. ಆದರೆ ಒಂಟಿಯಾಗಿರುವ ಮುದುಕಿ ಏನು ಮಾಡಬೇಕು? ಅವರ ಹತ್ತಿರ ಆ್ಯಪ್ ಇಲ್ಲ. ಲಾಕ್ ಹಾಕೋದು ತೆಗೆಯೋದು ಅವರಿಗಾಗುವ ಕೆಲಸವೂ ಅಲ್ಲ. ಯಾರಿಗೆ ಬೀಗ ಎಲ್ಲಕ್ಕಿಂತ ಜಾಸ್ತಿ ಬೇಕೋ ಅವರಿಗೇ ಅದು ಕೈಗೆಟುಕುತ್ತಿಲ್ಲ.

ಹಾಗಾಗಿ ನನ್ನ ಮುಖ್ಯ ಒತ್ತಾಯ ಬ್ಯಾಂಕುಗಳಿಗೆ ಮತ್ತು ಅವನ್ನು ನೋಡಿಕೊಳ್ಳುವವರಿಗೆ. ಎಇಪಿಎಸ್ ಮೂಲಕ ಹಣ ತೆಗೆಯುವ ಸೌಲಭ್ಯ ಖಾತೆದಾರರು ಕೇಳಿದರೆ ಮಾತ್ರ ಚಾಲೂ ಆಗಬೇಕು. ಈಗ ಉಲ್ಟಾ ಇದೆ. ಆಧಾರ್ ಜೋಡಿಸಿದ ಕೂಡಲೇ ಆ ಬಾಗಿಲು ತೆರೆದುಕೊಳ್ಳುತ್ತದೆ, ಅದು ತೆರೆದಿದೆ ಅಂತ ಯಾರೂ ನಮಗೆ ಹೇಳುವುದಿಲ್ಲ. ಎಟಿಎಂ ಕಾರ್ಡಿನಲ್ಲಿ ವಿದೇಶದ ಬಳಕೆ ನಾವು ಕೇಳಿದರೆ ಮಾತ್ರ ಚಾಲೂ ಮಾಡುತ್ತಾರೆ. ಹೆಬ್ಬೆಟ್ಟಿಗೆ ಯಾಕೆ ಆ ಕಾಳಜಿ ಇಲ್ಲ? ಬಳಸುವವರು ಕೂಡ ಒಂದು ಸಲಕ್ಕೆ 2,000 ಸಾಕು ಅಂತ ಮಿತಿ ಹಾಕಿಸಿಕೊಳ್ಳುವ ಹಾಗಿರಬೇಕು. ಪಿಂಚಣಿ ತೆಗೆಯುವವರಿಗೆ ಅದಕ್ಕಿಂತ ಜಾಸ್ತಿ ಬೇಕಾಗುವುದೂ ಇಲ್ಲ.

ಇನ್ನು, ದುಡ್ಡು ಹೋದ ಮೇಲಿನ ಮಾತು. ಇಲ್ಲಿ ಜನ ನಾಚಿಕೆಯಿಂದಲೋ ಭಯದಿಂದಲೋ ದಿನ ಕಳೆಯುತ್ತಾರೆ, ಅದೇ ದೊಡ್ಡ ನಷ್ಟ. ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್. ಬ್ಯಾಂಕ್ ಹೆಸರು, ಖಾತೆ ನಂಬರ್, ದಿನಾಂಕ, ಮೊತ್ತ, ಮೆಸೇಜಿನಲ್ಲೋ ಪಾಸ್‌ಬುಕ್ಕಿನಲ್ಲೋ ಇರುವ ವ್ಯವಹಾರದ ನಂಬರ್ ಎದುರಿಗಿಟ್ಟುಕೊಂಡು ಮಾಡಿ. ಹಣ ಯಾವ ಖಾತೆಗೆ ಹೋಗಿದೆಯೋ ಅಲ್ಲಿ ಇನ್ನೂ ಉಳಿದಿದ್ದರೆ ತಡೆಹಿಡಿಯುತ್ತಾರೆ, ಅದಕ್ಕೇ ಮೊದಲ ಗಂಟೆಗಳಿಗೆ ಅಷ್ಟು ಬೆಲೆ. ಆಮೇಲೆ ಸೈಬರ್ ಅಪರಾಧ ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆ. ಅದರ ಜೊತೆಗೇ, ಅದೇ ದಿನ, ಬ್ಯಾಂಕಿಗೆ ಬರವಣಿಗೆಯಲ್ಲಿ ದೂರು. ಬಾಯಿಮಾತಿನಲ್ಲಿ ಹೇಳಿ ಬರಬೇಡಿ. ಎರಡು ಪ್ರತಿ ಬರೆದು ಒಂದಕ್ಕೆ ಸೀಲು, ಸಹಿ, ದಿನಾಂಕ ಹಾಕಿಸಿಕೊಂಡೇ ಹೊರಗೆ ಬನ್ನಿ.

ಯಾಕೆ ಅಂದರೆ 2017ರ ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿತು. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕರದೂ ಅಲ್ಲ, ನಡುವೆ ಎಲ್ಲೋ ಸೋರಿಕೆಯಾಗಿ ಹಣ ಹೋಗಿದ್ದರೆ, ಬ್ಯಾಂಕಿನಿಂದ ಮಾಹಿತಿ ಬಂದ ಮೂರು ಕೆಲಸದ ದಿನದೊಳಗೆ ಗ್ರಾಹಕರು ತಿಳಿಸಿದರೆ ನಷ್ಟದ ಹೊಣೆ ಅವರ ಮೇಲಿಲ್ಲ. ನಾಲ್ಕರಿಂದ ಏಳು ಕೆಲಸದ ದಿನ ಆದರೆ ಒಂದು ಮಿತಿಯವರೆಗೆ ನಷ್ಟ ನಮ್ಮದು. ತಿಳಿಸಿದ ಹತ್ತು ಕೆಲಸದ ದಿನದೊಳಗೆ ಆ ಮೊತ್ತವನ್ನು ಖಾತೆಗೆ ತಾತ್ಕಾಲಿಕವಾಗಿ ಜಮಾ ಮಾಡಬೇಕು, 90 ದಿನದೊಳಗೆ ದೂರು ಇತ್ಯರ್ಥ ಆಗಬೇಕು. ಎಲ್ಲಕ್ಕಿಂತ ಮುಖ್ಯ, ತಪ್ಪು ಗ್ರಾಹಕರದೇ ಅಂತ ಸಾಬೀತು ಮಾಡುವ ಹೊಣೆ ಬ್ಯಾಂಕಿನದು. "ನಿಮ್ಮ ಹೆಬ್ಬೆಟ್ಟೇ ಬಿದ್ದಿದೆ" ಅಂದ ಮಾತ್ರಕ್ಕೆ ಅದು ಸಾಬೀತಾಗುವುದಿಲ್ಲ. ಓಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ ಮಾತು ಬೇರೆ, ಆಗ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ತಿಳಿಸಿದ ಮೇಲೆ ಹೋದದ್ದು ಬ್ಯಾಂಕಿನದು. ಹಾಗಾಗಿ ತಪ್ಪು ಮಾಡಿದವರೂ ಬೇಗ ತಿಳಿಸಬೇಕು.

ನಮ್ಮ ಸದಸ್ಯೆಯ ವಿಷಯದಲ್ಲಿ ಬ್ಯಾಂಕಿನವರು ಹಣ ಹೋಗಿ ಬಹಳ ದಿನ ಆಗಿದೆ ಅಂತ ವಾದ ಮಾಡಿದರು. ಮೆಸೇಜೇ ಬಂದಿಲ್ಲ, ಪಾಸ್‌ಬುಕ್ ಎಂಟ್ರಿ ಹಾಕಿಸಿದ ದಿನವೇ ಗೊತ್ತಾಗಿದ್ದು, ಲೆಕ್ಕ ಅಲ್ಲಿಂದ ಶುರು ಅಂತ ನಾವು ಪಟ್ಟು ಹಿಡಿದೆವು. ಸೀಲು ಹಾಕಿಸಿಕೊಂಡ ಪ್ರತಿ ಇತ್ತಲ್ಲ, ಅದೇ ಕೈ ಹಿಡಿದಿದ್ದು. ಬ್ಯಾಂಕಿನವರು 30 ದಿನದಲ್ಲಿ ಉತ್ತರ ಕೊಡದಿದ್ದರೆ ಅಥವಾ ಕೊಟ್ಟ ಉತ್ತರ ಸರಿ ಕಾಣದಿದ್ದರೆ ಗ್ರಾಹಕರ ದೂರು ವಿಚಾರಿಸಲು ರಿಸರ್ವ್ ಬ್ಯಾಂಕ್ ನೇಮಿಸಿದ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು, ಒಂದು ಪೈಸೆ ಖರ್ಚಿಲ್ಲ, ವಕೀಲರು ಬೇಡ. ಅಲ್ಲಿಗೆ ಬರೆದ ಮೇಲೆ ಹಣ ವಾಪಸ್ ಬಂತು. ಎಲ್ಲರಿಗೂ ಹೀಗೇ ಬರುತ್ತದೆ ಅಂತ ಹೇಳುವ ಧೈರ್ಯ ನನಗಿಲ್ಲ. ಬರೆದುಕೊಡದೆ ಬಂದವರಿಗೆ ಈ ದಾರಿಯೂ ಇರುವುದಿಲ್ಲ ಅನ್ನುವುದು ಮಾತ್ರ ಖಂಡಿತ.

ಗುರುತು ಕಳವಾಗಿ ಖಾತೆಯ ಹಣ ಹೋಗುವುದು ಒಂದು. ನಮ್ಮ ಹೆಸರಲ್ಲಿ ಸಾಲ ಏಳುವುದು ಇನ್ನೊಂದು. ಸಂಘಗಳ ಸುತ್ತ ಇದು ಜಾಸ್ತಿ. ಸಬ್ಸಿಡಿ ಕೊಡಿಸುತ್ತೇನೆ, ಹೊಲಿಗೆ ಮಷಿನ್ ಕೊಡಿಸುತ್ತೇನೆ ಅಂತ ಬಂದವರಿಗೆ ಆಧಾರ್, ಪ್ಯಾನ್, ಫೋಟೋ, ತಂಬ್ ಎಲ್ಲ ಕೊಟ್ಟು ಕಳಿಸುತ್ತೇವೆ. ಆರು ತಿಂಗಳಾದ ಮೇಲೆ ಕಂತು ಕಟ್ಟಿ ಅಂತ ಮನೆ ಬಾಗಿಲಿಗೆ ಬರುತ್ತಾರೆ. ಮೈಕ್ರೋಫೈನಾನ್ಸ್ ಕಿರುಕುಳದ ವಿರುದ್ಧ ನಮ್ಮ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತಂದಾಗ ವಸೂಲಿಯ ಬಗ್ಗೆ ಬೇಕಾದಷ್ಟು ಮಾತಾಯಿತು, ತೆಗೆದುಕೊಳ್ಳದ ಸಾಲದ ಬಗ್ಗೆ ಅಷ್ಟು ಆಗಲಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಇಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ಅಂತ ಜನರ ಸಾಲದ ಲೆಕ್ಕ ಇಡುವ ನಾಲ್ಕು ಸಂಸ್ಥೆಗಳಿವೆ, ಈ ನಾಲ್ಕೂ ಕಡೆ ವರ್ಷಕ್ಕೆ ಒಂದು ಸಲ ನಮ್ಮ ಸಾಲದ ಪೂರ್ತಿ ವರದಿ ಪುಕ್ಕಟೆಯಾಗಿ ಸಿಗುತ್ತದೆ. ಸಂಘದಲ್ಲಿ ಓದಿದ ಒಬ್ಬ ಹುಡುಗಿ ಇದ್ದರೆ ಎಲ್ಲರದ್ದನ್ನೂ ತೆಗೆದು ನೋಡಬಹುದು. ಗೊತ್ತಿಲ್ಲದ ಸಾಲ ಕಂಡರೆ ಸಾಲ ಕೊಟ್ಟ ಕಂಪನಿಗೂ ವರದಿ ಕೊಟ್ಟ ಸಂಸ್ಥೆಗೂ ಬರೆದು ತಕರಾರು ಹಾಕಬೇಕು.

ಆಧಾರ್ ಪ್ರತಿ ಕೊಡುವಾಗ ಅದರ ಮೇಲೇ ಅಡ್ಡಡ್ಡ ಬರೆಯಿರಿ: ಯಾವ ಕೆಲಸಕ್ಕೆ, ಯಾರಿಗೆ, ಯಾವ ದಿನಾಂಕ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ವೆಬ್‌ಸೈಟಿನಲ್ಲಿ ಸಿಗುತ್ತದೆ, ಎಷ್ಟೋ ಕಡೆ ಅದೇ ಸಾಕು. ಜೆರಾಕ್ಸ್ ಅಂಗಡಿಯ ವಾಟ್ಸಾಪಿಗೆ ಆಧಾರ್ ಕಳಿಸಿ ಪ್ರಿಂಟ್ ತಗೊಳ್ಳುತ್ತೇವಲ್ಲ, ಅದು ಅಲ್ಲಿನ ಕಂಪ್ಯೂಟರಿನಲ್ಲೇ ಉಳಿದಿರುತ್ತದೆ. ನಿಮ್ಮ ಎದುರೇ ಅಳಿಸೋಕೆ ಹೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಫೋನಿನಲ್ಲಿ ಪೊಲೀಸ್ ವೇಷ ಹಾಕಿ ಹೆದರಿಸುವ ಡಿಜಿಟಲ್ ಅರೆಸ್ಟ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅಂಥ ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ಮನ್ ಕಿ ಬಾತ್‌ನಲ್ಲಿ ಹೇಳಿದ್ದಾರೆ, ನೀವೂ ಬೇಕಾದಷ್ಟು ಬರೆದಿದ್ದೀರಿ. ಮದುವೆ ಕರೆಯೋಲೆ, ಟ್ರಾಫಿಕ್ ದಂಡ ಅಂತ ಹೇಳಿಕೊಂಡು ಬರುವ, ಒತ್ತಿದರೆ ಫೋನಿನಲ್ಲಿ ಕಳ್ಳ ಆ್ಯಪ್ ಕೂರಿಸುವ ಎಪಿಕೆ ಫೈಲನ್ನು ಮಾತ್ರ ಮಕ್ಕಳಿಗೆ ತೋರಿಸಿ ವಿವರಿಸಿ. ಕರೆಯೋಲೆ ಫೋಟೋ ಆಗಿ ಬರುತ್ತದೆ, ಇನ್‌ಸ್ಟಾಲ್ ಮಾಡು ಅಂತ ಕೇಳುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗರಿಗೆ ಇನ್ನೊಂದು ಮಾತು ಹೇಳಬೇಕು. ಯಾರೋ ಸ್ವಲ್ಪ ದುಡ್ಡು ಕೊಡುತ್ತೇನೆ ಅಂದರು ಅಂತ ತಮ್ಮ ಖಾತೆ, ಎಟಿಎಂ ಕಾರ್ಡು, ಸಿಮ್ಮು ಬೇರೆಯವರ ಕೈಗೆ ಕೊಡಬಾರದು. ಕದ್ದ ಹಣ ಓಡಾಡುವುದು ಅಂಥ ಖಾತೆಗಳಲ್ಲೇ. ಪೊಲೀಸರು ಮೊದಲು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಸಂಪಾದಕರಲ್ಲಿ ಒಂದು ಕೋರಿಕೆ. ವಂಚನೆಯ ಸುದ್ದಿ ಹಾಕುವಾಗ ಕಳೆದುಕೊಂಡವರ ವಯಸ್ಸು, ಬಡಾವಣೆ, ಕೆಲಸ, ಎಷ್ಟು ಲಕ್ಷ ಅನ್ನುವುದೆಲ್ಲ ಇರುತ್ತದೆ. 1930 ಇರುವುದಿಲ್ಲ. ಮೂರು ದಿನದ ನಿಯಮ ಇರುವುದಿಲ್ಲ. ಪ್ರತಿ ಸುದ್ದಿಯ ಕೆಳಗೆ ಎರಡು ಸಾಲಿನ ಒಂದು ಬಾಕ್ಸ್ ಹಾಕಿ. ಆಮೇಲೆ, ಕಷ್ಟಪಟ್ಟು ಕೂಡಿಟ್ಟ ದುಡ್ಡು ಕಳೆದುಕೊಂಡವರ ಸುದ್ದಿಗೆ "ಆಸೆಗೆ ಬಿದ್ದು" ಅಂತ ಶೀರ್ಷಿಕೆ ಕೊಡಬೇಡಿ. ಅದನ್ನು ಓದಿದ ಇನ್ನೊಬ್ಬರು ತಮಗಾದದ್ದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಆ ಮೂರು ದಿನ ಹಾಗೇ ಕಳೆದುಹೋಗುತ್ತದೆ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮುಗಿಸಿ ಹೊರಗೆ ಬರುವವರಿಗೆ ಬಯೋಮೆಟ್ರಿಕ್ ಲಾಕ್ ಹಾಕಿಕೊಡುವ ಒಂದು ಮೇಜು ಇರಬೇಕು. ಗ್ರಾಮ ಒನ್ ಕೇಂದ್ರಗಳಲ್ಲೂ ಇರಲಿ. ಅಲ್ಲಿಯವರೆಗೆ ಓದುಗರು ಕಾಯಬೇಕಿಲ್ಲ. ಎಇಪಿಎಸ್ ಬಳಸದವರು ತಮ್ಮ ಬ್ಯಾಂಕ್ ಮ್ಯಾನೇಜರಿಗೆ ಹೀಗೆ ಬರೆದುಕೊಡಿ: "ನನ್ನ ಉಳಿತಾಯ ಖಾತೆಯಲ್ಲಿ ಆಧಾರ್ ಬೆರಳಚ್ಚಿನ ಮೂಲಕ ಹಣ ತೆಗೆಯುವ ಸೌಲಭ್ಯವನ್ನು ಇಂದಿನಿಂದ ನಿಲ್ಲಿಸಿ. ಸರ್ಕಾರದ ಹಣ ಜಮಾ ಆಗುವುದು ಮುಂದುವರಿಯಲಿ. ನನ್ನ ಮೊಬೈಲ್ ನಂಬರ್ ಇದು, ಪ್ರತಿ ವ್ಯವಹಾರದ ಮೆಸೇಜ್ ಇದಕ್ಕೇ ಬರಬೇಕು." ಕೆಳಗೆ ಖಾತೆ ನಂಬರ್, ಸಹಿ, ದಿನಾಂಕ. ಎರಡು ಪ್ರತಿ. ಇಲ್ಲ, ಇದೆಲ್ಲ ಆಗಲ್ಲ ಅಂತ ಬ್ಯಾಂಕಿನವರು ಹೇಳಿದರೆ ಅದನ್ನೂ ಬರೆದುಕೊಡಿ ಅಂತ ಕೇಳಿ.

ಇತಿ,
ಸ್ವಸಹಾಯ ಸಂಘದ ಸದಸ್ಯೆ, ತಿಪಟೂರು ತಾಲ್ಲೂಕು